ಅಲೆಗೆ ಶರಣು

ಮೂಲ್ಕಿಯ ಕಡಲಿಗೆ ಸರ್ಫಿಂಗ್ ಹುಚ್ಚು ಹಿಡಿಸಿದ್ದು ಅಮೆರಿಕದಿಂದ ಬಂದ ಒಬ್ಬ ಸ್ವಾಮಿ, ಜ್ಯಾಕ್ ಹೆಬ್ನರ್. ಸಂನ್ಯಾಸಿಗೇ ಅಲೆಯ ಮೋಹ ಬಿಡದಿದ್ದರೆ ನನ್ನಂಥ ಸಂಸಾರಿಯ ಗತಿಯೇನು? ಹೊಟ್ಟೆಯನ್ನು ಹೇಗೋ ಒಳಗೆಳೆದು ನಾನೂ ಹಲಗೆ ಹತ್ತಿದೆ. ಹತ್ತಿದೆ ಎಂದರೆ, ಅಪ್ಪಿಕೊಂಡು ಮಲಗಿದೆ. “ಎದ್ದು ನಿಲ್ಲಿ ಸರ್!” ಎಂದು ಕಲಿಸುವ ಹುಡುಗ ಕೂಗುತ್ತಾನೆ. ಹಾಸಿಗೆಯಿಂದಲೇ ಕಂತು ಕಂತಾಗಿ ಏಳುವವನಿಗೆ ಹೇಳುವ ಮಾತೇ ಇದು? ಪಕ್ಕದಲ್ಲಿ ಶಾಲೆಮಕ್ಕಳು ನಿಂತುಕೊಂಡೇ, ಮಾತಾಡುತ್ತಲೇ ದಡ ಸೇರುತ್ತಿದ್ದರು.

ಧೈರ್ಯಕ್ಕೆಂದು ಹವಾಯಿಯ ಡ್ಯೂಕ್ ಕಹಾನಮೋಕುವನ್ನು ನೆನೆದೆ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಈಜಿ ಚಿನ್ನ ಗೆದ್ದ ಮಹಾನುಭಾವ. ಮುಂದೆ ಸಿಡ್ನಿಗೆ ಹೋದಾಗ ಪೈನ್ ಮರದಲ್ಲಿ ತಾನೇ ಹಲಗೆ ಕೆತ್ತಿ, ಫ್ರೆಶ್‌ವಾಟರ್ ಕಡಲತೀರದ ಜನರೆದುರು ಅಲೆಯ ಮೇಲೆ ಸವಾರಿ ಮಾಡಿ ತೋರಿಸಿದ. ಆ ಹಲಗೆಯನ್ನು ಅಲ್ಲಿನವರು ಇಂದಿಗೂ ಜೋಪಾನ ಮಾಡಿದ್ದಾರೆ. 1917ರಲ್ಲಿ ವೈಕೀಕಿಯಲ್ಲಿ ಒಂದೇ ಅಲೆಯ ಮೇಲೆ ಮೈಲಿಗೂ ಹೆಚ್ಚು ಸಾಗಿದನಂತೆ. ನಾನೂ ಸಾಗಿದೆ, ಹೆಚ್ಚಾಗಿ ಕೆಳಮುಖವಾಗಿ. ಅರಬ್ಬೀ ಸಮುದ್ರ ಮೂಗಿನ ಒಂದು ಹೊಳ್ಳೆಯಿಂದ ಹೊಕ್ಕು ಇನ್ನೊಂದರಿಂದ ಇಳಿಯಿತು.

ದಡದಲ್ಲಿ ತೆಗೆದ ವಿಡಿಯೋ ನೋಡಿ ನನ್ನಾಕೆ, “ಇದರಲ್ಲಿ ನೀವೆಲ್ಲಿ?” ಎಂದಳು. ಬಲಮೂಲೆಯಲ್ಲಿ ನೀರಿನಿಂದ ಮೇಲೆದ್ದ ಎರಡು ಪಾದಗಳನ್ನು ಹೆಮ್ಮೆಯಿಂದ ತೋರಿಸಿದೆ.