ರ‍್ಯಾಲಿ ಮೇಷ್ಟ್ರು

ನಿವೃತ್ತರಾದ ಮೇಲೆ ಕೆಲವರು ಗೀತೆ ಓದುತ್ತಾರೆ, ಕೆಲವರು ಸೈಟಿನ ವ್ಯಾಜ್ಯ ನಡೆಸುತ್ತಾರೆ. ಮೈಸೂರಿನ ಹಳೇ ಬಡಾವಣೆಗಳಲ್ಲಿ ಇನ್ನೊಂದು ಪಂಗಡವಿದೆ, ಸೈಕಲ್ಲುಗಳ ನಾಡಿ ಹಿಡಿಯುವವರದು. ನಮ್ಮ ಬೀದಿಯಲ್ಲೊಬ್ಬರಿದ್ದಾರೆ, ನಿಮ್ಮಲ್ಲೂ ಇದ್ದಾರು. ಮನೆಯಲ್ಲಿಟ್ಟ ಹೆಸರು ಏನೇ ಇರಲಿ, ಊರಿಗೆಲ್ಲ ಅವರು ರ‍್ಯಾಲಿ ಮೇಷ್ಟ್ರು.

ಅವರ ರ‍್ಯಾಲಿ ಸೈಕಲ್ಲು ತಂದೆಯ ಕಾಲದ್ದು. "ಎಷ್ಟು ವರ್ಷದ್ದು ಮೇಷ್ಟ್ರೆ?" ಎಂದು ಬಾಯಿತಪ್ಪಿ ಕೇಳಿದಿರೋ, ಕೆಟ್ಟಿರಿ, ನೀವು ಹಾಲಿಗೆಂದು ಹೊರಟವರಾದರೆ ಮನೆಯವರಿಗೆ ಅವತ್ತು ಕರಿ ಕಾಫಿಯೇ ಗತಿ. ಅಸನ್ಸೋಲಿನ ಸೇನ್-ರ‍್ಯಾಲಿಯಾ ಅಂತ ಮಾತ್ರ ಅನ್ನಬೇಡಿ. "ನಾಟಿಂಗ್‌ಹ್ಯಾಮ್ ಕಣಯ್ಯಾ!" ಎಂದು ಹ್ಯಾಂಡಲ್ ಕೆಳಗಿನ ಕೊಕ್ಕರೆ ತಲೆಯ ಬಿಲ್ಲೆಯನ್ನು ಪಂಚೆಯ ಚುಂಗಿನಿಂದ ಒರೆಸಿ ತೋರಿಸುತ್ತಾರೆ. ನಾಟಿಂಗ್‌ಹ್ಯಾಮಿನವರೂ ಊರಿಗೊಂದು ದಾರಿಯಾದರೆ ತಮಗೊಂದು ದಾರಿ ಎಂದವರೇ. ಬೇರೆಯವರ ಫೋರ್ಕಿನಲ್ಲಿ ಇಂಚಿಗೆ 24 ಥ್ರೆಡ್ಡಿದ್ದರೆ ಇವರದರಲ್ಲಿ 26. ಹೊರಗಿನ 24ರ ನಟ್ಟು ಅದಕ್ಕೆ ಕೂರುವುದಿಲ್ಲ. ನಮಗೆ ಅದು ತಲೆನೋವು, ಮೇಷ್ಟ್ರಿಗೆ ಮನೆತನದ ಗೌರವ.

ಯಾರದೋ ಮುಂದಿನ ಬ್ರೇಕು ಉಜ್ಜುತ್ತಿದ್ದರೆ ನಾಲ್ಕು ಮನೆಯಾಚೆಯೇ ಅವರ ಕಿವಿ ನಿಮಿರುತ್ತದೆ. "ನಿಲ್ಸೋ!" ಬ್ರೇಕ್ ಹಿಡಿದು ಸೈಕಲನ್ನು ಹಿಂದಕ್ಕೂ ಮುಂದಕ್ಕೂ ಜಗ್ಗುತ್ತಾರೆ. ಟಕ್ ಟಕ್ ಎಂದರೆ ಹ್ಯಾಂಡಲ್ ಬುಡದಲ್ಲಿ ಗುಂಡು ಕೂತ ಜಾಗ ಸಡಿಲ. ಸದ್ದಿಲ್ಲವೋ, ಚಕ್ರ ಬಿಚ್ಚಿಸುತ್ತಾರೆ. ಎಡ ಬಲ ಅದಲುಬದಲು ಮಾಡಿ ಮತ್ತೆ ಹಾಕಿಸುತ್ತಾರೆ. ಉಜ್ಜುವ ಕಡೆ ಬದಲಾಯಿತೋ, ದೋಷ ಚಕ್ರದ್ದು. ಕಡ್ಡಿ ಬಿಗಿದು ರಿಮ್ಮನ್ನು ನಡುವಿಗೆ ತರಬೇಕು. ಮೊದಲಿನ ಕಡೆಯೇ ಉಜ್ಜಿತೋ, ದೋಷ ಫೋರ್ಕಿನದು, ಇಲ್ಲವೇ ಬ್ರೇಕಿನ ಕಮಾನಿನದು. ಇದಕ್ಕಿಂತ ಅಚ್ಚುಕಟ್ಟಾದ ತರ್ಕವನ್ನು ನಾನಂತೂ ಕೋರ್ಟಿನಲ್ಲೂ ಕೇಳಿಲ್ಲ. ಹುಡುಗನಿಗೆ ಕಾಲೇಜಿಗೆ ತಡವಾಯಿತು, ಆ ಮಾತು ಬೇರೆ.

ಈ ಪರೀಕ್ಷೆಗೆ ಇನ್ನೂ ಕೂರದ ಸೈಕಲ್ಲು ಬೀದಿಯಲ್ಲಿ ಒಂದೇ, ಮೇಷ್ಟ್ರದು. ಅದರದು ಸರಳಿನ ಬ್ರೇಕು, ವೈರಿಲ್ಲ. ಹಿಡಿ ಒತ್ತಿದರೆ ಕಮಾನು ಮೇಲೆದ್ದು ರಬ್ಬರು ರಿಮ್ಮಿನ ಒಳಮೈಗೆ ಕೆಳಗಿನಿಂದ ಒತ್ತುತ್ತದೆ. ಚಕ್ರ ನಡುವಿನಿಂದ ಕೊಂಚ ಸರಿದರೂ ಒಂದು ಕಡೆಯ ರಬ್ಬರು ಕಡ್ಡಿಗೆ ತಾಗುತ್ತದೆ. ಇವರದು ಟರ್ರ್ ಎಂದು ತಾಗುತ್ತಲೇ ಇದೆ. ಕೇಳಿದರೆ ಒಮ್ಮೆ ರಸ್ತೆಯ ತಪ್ಪು, ಒಮ್ಮೆ ಮಳೆಗಾಲದ್ದು, ಉಳಿದಂತೆ "ಈಗಿನ ರಬ್ಬರಿನದು".

ಒಂದು ದಿನ ಗಾಳಿ ಹಾಕುತ್ತಿದ್ದ ಸೈಕಲ್ ಶಾಪಿನ ಹುಡುಗ ಸುಮ್ಮನೆ ಬಗ್ಗಿ, ಫ್ರೇಮಿನ ಕೆಳಗಿನ ಪೈಪು ಹ್ಯಾಂಡಲ್ ಕಡೆ ಸೇರುವಲ್ಲಿ ಅಡಿಯಿಂದ ಬೆರಳಾಡಿಸಿದ. ಬಣ್ಣ ಸುಕ್ಕುಗಟ್ಟಿತ್ತು.

"ಎಲ್ಲಿ ಗುದ್ದಿದ್ರಿ ಸಾರ್?"

"ಗುದ್ದೋದಾ? ನಾನಾ?"

"ಎದುರಿಗೆ ಗುದ್ದಿದ್ರೆ ಇಲ್ಲೇ ಸಾರ್ ಸುಕ್ಕಾಗೋದು. ಫೋರ್ಕೂ ಹಿಂದಕ್ಕೆ ಬಂದಿದೆ. ತಿರುಗಿಸ್ವಾಗ ನಿಮ್ ಚಪ್ಪಲಿ ಮಡ್‌ಗಾರ್ಡಿಗೆ ತಾಗಲ್ವಾ?"

ಬಲಗಾಲಿನ ಚಪ್ಪಲಿಯ ತುದಿ ಸವೆದು ಹೋಗಿತ್ತು. ಮೇಷ್ಟ್ರು ಆ ಕಾಲನ್ನು ಮೆಲ್ಲನೆ ಹಿಂದಕ್ಕೆಳೆದುಕೊಂಡರು. "ಅದು ವಯಸ್ಸಿನ ಸುಕ್ಕು ಕಣೋ. ನನಗೂ ಇದೆ, ನಾನೇನು ಗೋಡೆಗೆ ಗುದ್ದಿದ್ನಾ?"

"ಬಿಟ್ಟು ಹೋಗಿ ಸಾರ್, ಸಂಜೆ ಒಳಗೆ ನೆಟ್ಟಗೆ ಮಾಡಿಕೊಡ್ತೀನಿ."

ಬಿಟ್ಟು ಹೋಗುವುದೇ! ಗಾಳಿಯ ಕಾಸು ಕೊಟ್ಟು, ಹತ್ತದೆ, ತಳ್ಳಿಕೊಂಡೇ ಮನೆಗೆ ಹೋದರು. ಅವರಿಗೆ ರೋಗ ಹುಡುಕುವುದರಲ್ಲಿರುವ ರುಚಿ ಮದ್ದಿನಲ್ಲಿಲ್ಲ.

ನಿಮ್ಮ ಸೈಕಲ್ಲಿನ ಮುಂದಿನ ಬ್ರೇಕು ಉಜ್ಜುತ್ತಿದ್ದರೆ ಧಾರಾಳವಾಗಿ ಮೇಷ್ಟ್ರಿಗೆ ತೋರಿಸಿ. ಬೇರೆಯವರ ಸೈಕಲ್ಲಿನ ವಿಷಯದಲ್ಲಿ ಅವರ ಮಾತು ತಪ್ಪಿದ್ದಿಲ್ಲ. ಸ್ಪ್ಯಾನರ್ ಮಾತ್ರ ಆ ಹುಡುಗನ ಕೈಗೇ ಕೊಡಿ.