ಕಾಳಿಯ ಮೃಗಯಾವಿನೋದ

ಮುಧೋಳದ ಬೇಟೆನಾಯಿಯ ಮರಿಯೊಂದು ನಮ್ಮ ಮನೆಗೆ ಬಂದ ದಿನವೇ, ಪಕ್ಕದ ಮನೆಯ ನಿವೃತ್ತ ಚರಿತ್ರೆಯ ಮೇಷ್ಟರು ಕನ್ನಡಕವನ್ನು ಹಣೆಗೇರಿಸಿ, ಅದರ ನೀಳವಾದ ಮೂತಿಯನ್ನೂ ಒಳಸೇರಿದ ಹೊಟ್ಟೆಯನ್ನೂ ಪರಾಂಬರಿಸಿ, "ಇದಕ್ಕೆ ಕಾಳಿಯೆಂದೇ ಹೆಸರಿಡಬೇಕು, ರಾಯರೇ" ಎಂದು ಅಪ್ಪಣೆ ಕೊಡಿಸಿದರು. ತಕ್ಕೋಲದ ಕಾಳಗದಲ್ಲಿ ಪರಾಕ್ರಮ ಮೆರೆದ ಮಣಲೇರನು, ಮೆಚ್ಚಿದ ಗಂಗರ ಬೂತುಗನು ಬೇಡಿದುದನ್ನು ಕೊಡುವೆನೆಂದಾಗ, ಊರನ್ನೂ ಕೇಳದೆ ಹೊನ್ನನ್ನೂ ಕೇಳದೆ ಕಾಳಿಯೆಂಬ ನಾಯಿಯನ್ನು ಕೇಳಿದ್ದು, ಆ ಕಾಳಿಯು ಹಂದಿಯೊಂದರೊಡನೆ ಹೋರಾಡಿ ಅದನ್ನೂ ಕೊಂದು ತಾನೂ ಮಡಿದದ್ದು, ಅದರ ನೆನಪಿಗೆ ಕ್ರಿ. ಶ. 950ರ ಸುಮಾರಿನಲ್ಲಿ ಮಂಡ್ಯ ಸೀಮೆಯ ಆತಕೂರಿನಲ್ಲಿ ಕಲ್ಲು ನೆಟ್ಟು ಭೂಮಿಯನ್ನು ದತ್ತಿ ಬಿಟ್ಟದ್ದು, ಇವನ್ನೆಲ್ಲ ಮೇಷ್ಟರು ಸವಿಸ್ತಾರವಾಗಿ ಹೇಳಿ ಮುಗಿಸುವ ಹೊತ್ತಿಗೆ ನೂತನ ಕಾಳಿಯು ಅವರ ಚಪ್ಪಲಿಯ ಉಂಗುಷ್ಟವನ್ನು ಕಡಿದು ಮುಗಿಸಿತ್ತು.

ನಮ್ಮ ಹಿತ್ತಿಲಿನಲ್ಲಿ ವರಾಹಗಳಿಲ್ಲ. ಸೀಬೆಮರದಲ್ಲಿ ಅಳಿಲಿನ ಸಂಸಾರವೊಂದಿದೆ; ಬೇಲಿಯ ಮೇಲೆ ಓತಿಕ್ಯಾತನಿದ್ದಾನೆ; ಒಗೆಯುವ ಕಲ್ಲಿನಡಿಯ ಹೆಗ್ಗಣವು ರಾತ್ರಿಯ ಪಾಳಿಯದು. ವಂಶದ ಕೀರ್ತಿಯನ್ನು ಇಷ್ಟರಲ್ಲಿಯೇ ಉಳಿಸಿಕೊಳ್ಳಬೇಕಾದ ಕಾಳಿಗೆ ಪಾಠ ಹೇಳಿದವರು ಯಾರೂ ಇಲ್ಲ. ಆದರೂ ಅಳಿಲು ಕಂಡೊಡನೆ ಮುಂಗಾಲೊಂದನ್ನು ಮಡಿಸಿ ಮೇಲೆತ್ತಿ, ಬಾಲವನ್ನು ನೆಟ್ಟಗೆ ಚಾಚಿ, ಮೂಗಿನ ತುದಿಯೊಂದನ್ನುಳಿದು ಸರ್ವಾಂಗವನ್ನೂ ಸ್ತಂಭಿಸಿ ಅದು ನಿಲ್ಲುವ ಭಂಗಿಯು ತೋಳದ ಕಾಲದಿಂದಲೂ ಬಂದ ಪಿತ್ರಾರ್ಜಿತವೆನ್ನಬೇಕು. ನೋಡುವುದು, ಹೊಂಚುವುದು, ಅಟ್ಟುವುದು, ಹಿಡಿಯುವುದು, ಕೊಲ್ಲುವುದು ಎಂಬ ಬೇಟೆಯ ಕ್ರಮದಲ್ಲಿ ಮೊದಲ ಮೂರು ಅದಕ್ಕೆ ಕರತಲಾಮಲಕ. ಮಿಕ್ಕೆರಡಕ್ಕೆ ಅಳಿಲು ಅವಕಾಶ ಕೊಟ್ಟಿಲ್ಲ.

ಮುಧೋಳದ ತಳಿ ಮುಖ್ಯವಾಗಿ ಮೂಸಿ ಬೇಟೆಯಾಡುವುದಲ್ಲ, ನೋಡಿ ಬೇಟೆಯಾಡುವುದು; ಓಡುವುದು ಕಣ್ಣಿಗೆ ಬಿದ್ದರೆ ಪ್ರಾಣದ ಹಂಗಿಲ್ಲದೆ ಬೆನ್ನಟ್ಟುವ ಈ ಶೂರನಿಗೆ ಅಲುಗಾಡದೆ ನಿಂತದ್ದು ಇಲ್ಲವೆಂದೇ ಲೆಕ್ಕ. ಈ ರಹಸ್ಯವನ್ನರಿತ ಅಳಿಲು ಕಾಂಡದ ಆಚೆ ಬದಿಗೆ ಸರಿದು, ತೊಗಟೆಗೆ ಅಂಟಿಕೊಂಡು ನಿಶ್ಚಲವಾಗಿಬಿಡುತ್ತದೆ. ಕಾಳಿ ಪ್ರದಕ್ಷಿಣೆ ಬಂದಷ್ಟೂ ತಾನೂ ಸುತ್ತುತ್ತದೆ. ಕೊನೆಗೆ ಮೇಲಿನ ಕೊಂಬೆಯಲ್ಲಿ ಕುಳಿತು ಬಾಲವನ್ನದುರಿಸುತ್ತ ಚಿಂವ್‌ಗುಟ್ಟಿ ನಮ್ಮಿಬ್ಬರ ಕುಲಗೋತ್ರಗಳನ್ನೂ ಜಾಲಾಡುತ್ತದೆ. ಆಗ ಕಾಳಿ ನನ್ನ ಕಡೆಗೆ ತಿರುಗಿ, ಎರಡು ಕೈಗಳಿದ್ದೂ ಮರ ಹತ್ತದ ಈ ಹೇಡಿಗೆ ಯಜಮಾನಿಕೆಯನ್ನು ಕೊಟ್ಟವರಾರು ಎಂಬಂತೆ ನೋಡುವುದುಂಟು.

ಕಾಳಿಗೆ ದೊರೆತ ಏಕಮಾತ್ರ ವಿಜಯವು ನೆಲಗಪ್ಪೆಯ ಮೇಲಿನದು. ಮೊದಲ ಮಳೆ ಬಿದ್ದ ಸಂಜೆ ತುಳಸಿಕಟ್ಟೆಯ ಬಳಿಗೆ ಬಂದ ಆ ಒರಟು ಮೈಯ ಪ್ರಾಣಿಯು ಓಡಲೂ ಇಲ್ಲ, ಹೆದರಲೂ ಇಲ್ಲ. ಉಸಿರೆಳೆದು ಮೈಯುಬ್ಬಿಸಿ ಕುಳಿತಿತು. ಕಾಳಿ ಬಾಯಿ ಹಾಕಿದ್ದೇ ತಡ, ಅದರ ಕಣ್ಣ ಹಿಂದಿನ ಗ್ರಂಥಿಗಳ ವಿಷವು ನಾಲಗೆಗೆ ತಾಗಿ, ವೀರಾಧಿವೀರನು ಕಪ್ಪೆಯನ್ನುಗುಳಿ, ಬಾಯ್ತುಂಬ ನೊರೆ ಸುರಿಸುತ್ತ, ತಲೆಯನ್ನು ನೆಲಕ್ಕುಜ್ಜುತ್ತ ಅಡುಗೆಮನೆಯನ್ನು ಹೊಕ್ಕನು. ಕಪ್ಪೆಯಾದರೋ ಗಂಭೀರವಾಗಿ ಎರಡು ಹೆಜ್ಜೆ ಕುಪ್ಪಳಿಸಿ ಕತ್ತಲೆಗೆ ಸರಿಯಿತು. "ಕಲ್ಲು ನೆಡುವುದಾದರೆ ಯಾರಿಗೆ, ರಾಯರೇ?" ಎಂದರು ಮೇಷ್ಟರು.

ನಾಯಿಮರಿ ಸಾಕಿದ ಮಹನೀಯರು ಮಳೆಗಾಲದ ಸಂಜೆ ಅದನ್ನು ಕಟ್ಟಿಹಾಕಬೇಕಾಗಿ ಬಿನ್ನಹ; ಕಪ್ಪೆಗೆ ಬಾಯಿ ಹಾಕಿಯೇಬಿಟ್ಟರೆ ಮೂತಿಯನ್ನು ಕೆಳಗೆ ಬಾಗಿಸಿ ಧಾರಾಳವಾಗಿ ನೀರು ಹಾಕಿ ಬಾಯಿ ತೊಳೆಯಿರಿ, ಮೈ ನಡುಗಿದರೆ ತಡಮಾಡದೆ ಪಶುವೈದ್ಯರಲ್ಲಿಗೆ ಕೊಂಡೊಯ್ಯಿರಿ.