ಪರ್ಮಿಟ್ ಮೀಮಾಂಸೆ

ಮನುಷ್ಯರು ಕಡಿಮೆಯಾದಷ್ಟೂ ಪರ್ಮಿಟ್‌ಗಳು ಹೆಚ್ಚುತ್ತವೆ ಎಂಬುದು ಈ ಶಾಸ್ತ್ರದ ಮೂಲಸೂತ್ರ. ಸಿಡ್ನಿಯಲ್ಲಿ ಲಕ್ಷಾಂತರ ಜನರ ನಡುವೆ ಕಾರು ಓಡಿಸಲು ಒಂದು ಲೈಸೆನ್ಸ್ ಸಾಕು. ದಿನವಿಡೀ ಎದುರಿಗೆ ಒಂದು ಗಾಡಿಯೂ ಬಾರದಿರಬಹುದಾದ ಆ್ಯನ್ ಬೀಡೆಲ್ ಹೆದ್ದಾರಿಗೆ ಮಾತ್ರ ಒಂದು ಫೈಲೇ ಬೇಕು. ಇನ್ನು ಭಾಷ್ಯ.

ಮೊದಲು ಕ್ಷೇತ್ರನಿರ್ಣಯ. ದಕ್ಷಿಣ ಆಸ್ಟ್ರೇಲಿಯಾದ ಕೂಬರ್ ಪೀಡಿಯಿಂದ ಪಶ್ಚಿಮ ಆಸ್ಟ್ರೇಲಿಯಾದ ಲ್ಯಾವರ್ಟನ್‌ವರೆಗೆ ಸುಮಾರು 1,300 ಕಿ.ಮೀ. ಇದನ್ನು ಹೆದ್ದಾರಿ ಎನ್ನುವುದು ಶಬ್ದಪ್ರಮಾಣ. ಪ್ರತ್ಯಕ್ಷಕ್ಕೆ ಕಾಣುವುದು ಮರಳಿನಲ್ಲಿ ಚಕ್ರದ ಎರಡು ಜಾಡು. ದಾರಿ ಕಡಿಸಿದ ಸರ್ವೇಯರ್ ಲೆನ್ ಬೀಡೆಲ್ ಅದಕ್ಕೆ ಹೆಂಡತಿಯ ಹೆಸರಿಟ್ಟರು. ಮಗಳು ಕಾನಿ ಸ್ಯೂಗೆ ಒಂದು ಹೆದ್ದಾರಿ, ಮಗ ಗ್ಯಾರಿಗೆ ಇನ್ನೊಂದು, ಮತ್ತೊಬ್ಬ ಮಗಳು ಜಾಕಿಯ ಪಾಲಿಗೆ ಒಂದು ಕೂಡುದಾರಿ. ಆ ಸೀಮೆಯ ನಕ್ಷೆ ಬಿಚ್ಚಿದರೆ ಯಾರದೋ ಮನೆಯ ರೇಷನ್ ಕಾರ್ಡ್ ಓದಿದ ಹಾಗಾಗುತ್ತದೆ.

ಈಗ ಅರ್ಜಿಕಾಂಡ. ದಾರಿಯು ವೂಮೆರಾ ನಿಷೇಧಿತ ಪ್ರದೇಶವನ್ನು ಹಾಯುತ್ತದೆ. ರಾಕೆಟ್ಟು, ಕ್ಷಿಪಣಿ ಹಾರಿಸಿ ನೋಡುವ ಜಾಗವಾದ್ದರಿಂದ ರಕ್ಷಣಾ ಇಲಾಖೆಯ ಅಪ್ಪಣೆ ಬೇಕು. ಟ್ಯಾಲರಿಂಗಾ ಉದ್ಯಾನಕ್ಕೆ ದಕ್ಷಿಣ ಆಸ್ಟ್ರೇಲಿಯಾದ ಪಾಸು. ಮಾರಲಿಂಗ ಟ್ಜಾರುಟ್ಜಾ ಜನರ ನೆಲಕ್ಕೆ ಅವರ ಪರ್ಮಿಟ್. ಗಡಿಯಾಚೆಯ ಮೂಲನಿವಾಸಿಗಳ ಭೂಮಿಗೆ ಮತ್ತೊಂದು. ಗಡಿಯಲ್ಲಿ ಗಡಿಯಾರವನ್ನು ಒಂದೂವರೆ ಗಂಟೆ ಹಿಂದಕ್ಕೆ ತಿರುಗಿಸಬೇಕು. ಹಣ್ಣು, ತರಕಾರಿ, ಜೇನನ್ನು ಅದಕ್ಕೆ ಮುಂಚೆಯೇ ತಿಂದು ಮುಗಿಸಬೇಕು, ಪಶ್ಚಿಮದವರು ಕೀಟಭಯದಿಂದ ಅವನ್ನು ಒಳಗೆ ಬಿಡರು.

ಪ್ರತಿ ಅರ್ಜಿಯೂ ಪ್ರಯಾಣದ ದಿನಾಂಕ ಕೇಳುತ್ತದೆ. ಮಿಕ್ಕ ಪರ್ಮಿಟ್‌ಗಳು ಕೈಗೆ ಬರದೆ ದಿನಾಂಕ ಗೊತ್ತಾಗದು. ತಾರ್ಕಿಕರು ಇದನ್ನು ಅನ್ಯೋನ್ಯಾಶ್ರಯ ದೋಷ ಎನ್ನುತ್ತಾರೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂದು ನಮ್ಮ ಅಜ್ಜಿಯರು ಇದನ್ನೇ ಇನ್ನೂ ಸ್ಪಷ್ಟವಾಗಿ ಹೇಳಿದ್ದಾರೆ. ಎಲ್ಲ ಕೂಡಿಬಂದ ದಿನ ಮಳೆ ಬಿದ್ದು ದಾರಿ ಮುಚ್ಚಿದರೆ ಅದು ದೈವಾಧೀನ, ಈ ಶಾಸ್ತ್ರದ ವ್ಯಾಪ್ತಿಗೆ ಬಾರದು.

ಇಲ್ಲಿ ಪೂರ್ವಸೂರಿಗಳಿಗೊಂದು ನಮನ. ಈ ದಾರಿಯಲ್ಲೇ ಸಿಗುವ ಮಾಮುಂಗರಿ ಉದ್ಯಾನವು 2006ರವರೆಗೂ ಸರ್ಕಾರಿ ಕಾಗದದಲ್ಲಿ ‘ಹೆಸರಿಡದ ಉದ್ಯಾನ’ ಎಂದೇ ಇತ್ತು. ನಾಮವಿಲ್ಲದ ಜಾಗಕ್ಕೆ ನಮೂನೆ ತುಂಬಿದ ಮಹನೀಯರು ಅವರು.

ಪೂರ್ವಪಕ್ಷಿ ಕೇಳುತ್ತಾನೆ: ಖಾಲಿ ಮರಳಿಗೆ ಇಷ್ಟೊಂದು ಒಡೆಯರೇಕೆ? ಉತ್ತರ: ಖಾಲಿ ಎಂಬ ಹೇತುವೇ ಅಸಿದ್ಧ. ಖಾಲಿ ಎಂದುಕೊಂಡೇ 1953ರ ಅಕ್ಟೋಬರ್‌ನಲ್ಲಿ ಬ್ರಿಟಿಷರು ಈ ದಾರಿಯ ಎಮು ಫೀಲ್ಡ್‌ನಲ್ಲಿ ಎರಡು ಅಣುಬಾಂಬ್ ಸಿಡಿಸಿದರು. ಜಾಗ ಹುಡುಕಿಕೊಟ್ಟವರು ಇದೇ ಬೀಡೆಲ್. ಕ್ಯಾನ್‌ಬೆರಾ ಒಪ್ಪಿತ್ತು, ಅಲ್ಲಿ ಬದುಕಿದ್ದವರನ್ನು ಯಾರೂ ಕೇಳಲಿಲ್ಲ. ಕಪ್ಪು ಮಂಜು ಉರುಳಿ ಬಂತೆಂದು ವಾಲಟಿನ್ನಾದ ಜನ ಹೇಳಿದರು. ಆಗ ಹುಡುಗನಾಗಿದ್ದ ಯಾಮಿ ಲೆಸ್ಟರ್ ಮುಂದೆ ಕಣ್ಣು ಕಳೆದುಕೊಂಡರು, ತನಿಖೆ ಆಗಲೇಬೇಕೆಂದು ಹಟ ಹಿಡಿದರು. ಮೊದಲ ಬಾಂಬನ್ನು ಆ ಗಾಳಿಯಲ್ಲಿ ಸಿಡಿಸಬಾರದಿತ್ತು ಎಂದು ರಾಯಲ್ ಕಮಿಷನ್ 1985ರಲ್ಲಿ ಹೇಳಿತು. ಮಾರಲಿಂಗದ ನೆಲ ಅದರ ಜನರ ಕೈಗೆ ಮರಳಿದ್ದು 1984ರ ಕಾಯ್ದೆಯಿಂದ. ಬಾಂಬಿಗೆ ಕೇಳದ ಪರ್ಮಿಟ್ಟನ್ನು ಈಗ ಟೆಂಟಿಗೆ ಕೇಳುತ್ತಾರೆಂದು ಗೊಣಗುವ ಪ್ರವಾಸಿಗಳುಂಟು. ಪ್ರಕೃತ ಭಾಷ್ಯಕಾರನಿಗೆ ಅವರ ಪಕ್ಷ ಸಮ್ಮತವಲ್ಲ.

ಪರ್ಮಿಟ್ಟಿಗೆ ಬಗ್ಗದ್ದು ಸ್ಪಿನಿಫೆಕ್ಸ್ ಹುಲ್ಲು. ಜಾಡಿನ ನಡುವೆ ಬೆಳೆದ ಆ ಅಂಟುಹುಲ್ಲು ಗಾಡಿಯಡಿ ಎಕ್ಸಾಸ್ಟ್ ಪೈಪಿನ ಸುತ್ತ ಗಟ್ಟಿಯಾಗಿ ತುರುಕಿಕೊಂಡು, ಕಾದು, ಹೊತ್ತಿಕೊಳ್ಳುತ್ತದೆ. ಆಗಾಗ ನಿಲ್ಲಿಸಿ, ಮರಳಲ್ಲಿ ಅಂಗಾತ ಮಲಗಿ, ಕೊಕ್ಕೆ ತಂತಿಯಿಂದ ಕೀಳಬೇಕು. ಎಂಥ ವಿದ್ವಾಂಸನಿಗೂ ವಿನಾಯಿತಿಯಿಲ್ಲ.

ಕಡೆಯ ಆಕ್ಷೇಪ: ಪರ್ಮಿಟ್ ಇಲ್ಲದೆ ಹೊರಟರೆ ಕೇಳುವವರಾರು? ಪರಿಹಾರ ಸುಲಭ. ಕೂಬರ್ ಪೀಡಿ ಬಿಟ್ಟ ಮೇಲೆ ಏಳುನೂರು ಚಿಲ್ಲರೆ ಕಿ.ಮೀ. ಡೀಸೆಲ್ ಸಿಗದು, ಮೊದಲು ಸಿಗುವುದು ಇಲ್ಕುರ್ಲ್ಕಾ ರೋಡ್‌ಹೌಸಿನಲ್ಲಿ. ಅದರ ಒಡೆಯರು ಆ ನೆಲದ ಸ್ಪಿನಿಫೆಕ್ಸ್ ಜನರೇ.